ಅಂಗೈಯಷ್ಟು ಜಾಗ

ಮೂಗಿಗೆ ನಳಿಕೆ ಹಾಕಿ ಗಂಜಿ ಇಳಿಸುವುದೆಂದು ತೀರ್ಮಾನವಾದ ಮೇಲೆ ನನ್ನನ್ನು ಕರೆಸಿದರು. ಮೊದಲೇ ಯಾಕೆ ಕರೆಸಲಿಲ್ಲ ಎಂದು ಕೇಳಬಾರದು. ಮನೋಚಿಕಿತ್ಸಕಿ ಎಂದರೆ ಊಟದ ಕೊನೆಗೆ ಬಡಿಸುವ ಮಜ್ಜಿಗೆ. ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಧಾರವಾಡದಿಂದ ಬಸ್ಸು ಹಿಡಿದು ಹುಬ್ಬಳ್ಳಿಯ ಆ ಆಸ್ಪತ್ರೆಗೆ ಹೋದೆ.

ರೋಗಿ ಬೆಂಗೇರಿಯ ಕಾಳಿನ ವ್ಯಾಪಾರಿಗಳ ಮನೆಯ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಬದುಕು ಸಾಕೆನಿಸಿ ಸಾಯಲು ಹೊರಟವಳನ್ನು ತಂಗಿ ತಡೆದು ತಂದು ಸೇರಿಸಿದ್ದಳು. ಬಂದ ದಿನ ತಲೆಯ ಸ್ಕ್ಯಾನ್ ಆಗಬೇಕಿತ್ತು. ಬಳೆ, ಓಲೆ ತೆಗೆಸುವಾಗ ಕೊರಳಲ್ಲಿದ್ದ ಇಷ್ಟಲಿಂಗವನ್ನೂ ಅದನ್ನಿಡುವ ಬೆಳ್ಳಿಯ ಕರಡಿಗೆ ಸಮೇತ ತೆಗೆಸಿದರು. ಅಷ್ಟಕ್ಕೆ ನನ್ನ ತಕರಾರಿಲ್ಲ. ಆದರೆ ಸ್ಕ್ಯಾನ್ ಮುಗಿದ ಮೇಲೂ ಆಕೆಗೆ ತಿರುಗಿ ಕೊಡಲಿಲ್ಲ, ತಂಗಿಯ ಕೈಗೆ ಒಪ್ಪಿಸಿದರು. ಲಿಂಗದ ದಾರ ಉದ್ದ, ಗಟ್ಟಿ. ಸಾಯುವ ವಿಚಾರ ಮಾಡಿದವರ ಕೈಗೆ ದಾರ ಕೊಡಬಾರದೆಂಬುದು ವಾರ್ಡಿನ ನಿಯಮ. ಬುದ್ಧಿ ಬಂದಾಗಿನಿಂದ ಲಿಂಗಪೂಜೆಯಿಲ್ಲದೆ ತುತ್ತು ಎತ್ತಿದವಳಲ್ಲ ಆಕೆ. ಈಗಲೂ ಎತ್ತಲಿಲ್ಲ. ಸಲಾಯಿನ್ ಮೇಲೆ ಜೀವ ನಿಂತಿತ್ತು.

ಕಾರಣ ಮುಚ್ಚಿಟ್ಟಿದ್ದಳೇ ಎಂದರೆ ಅದೂ ಇಲ್ಲ. ಬಂದವರಿಗೆಲ್ಲ ಬಾಯಿಬಿಟ್ಟು ಹೇಳಿದ್ದಳು. ನನಗೂ ಹೇಳಿದಳು.

“ನನ್ನ ಲಿಂಗ ಕೊಡ್ರಿ ಅಕ್ಕಾರ. ಪೂಜಾ ಮಾಡಿ ಉಣ್ತೇನಿ. ನಾ ಏನ್ ಹಟಾ ಹಿಡದಿಲ್ರಿ.”

“ಇನ್ನೂ ಸಾಯಬೇಕು ಅನಸ್ತೈತೇನ್ರಿ?”

“ಅನಸ್ತೈತ್ರಿ. ಅದನ್ನ ಕೈಯಾಗ ಹಿಡ್ಕೊಂಡಷ್ಟ ಹೊತ್ತು ಅನಸೂದಿಲ್ಲ.”

ಇಷ್ಟು ನೇರವಾಗಿ ತನ್ನ ಔಷಧಿಯ ಹೆಸರು ಹೇಳಿದ ರೋಗಿಯನ್ನು ನಾನು ಕಂಡಿಲ್ಲ. ವೈದ್ಯರ ಹತ್ತಿರ ಹೋದೆ. ನನಗಿಂತ ಚಿಕ್ಕವರು, ಜಾಣರು.

“ಮೇಡಂ, ಅವರು ಷರತ್ತು ಹಾಕಾಕತ್ತಾರ. ನಾವು ಬಗ್ಗಿದ್ರ ಗೀಳಿಗೆ ಗೊಬ್ಬರ ಹಾಕಿದಂಗ. ವಾರ್ಡಿನ್ಯಾಗ ದೇವರನ್ನ ತರಬ್ಯಾಡ್ರಿ.”

ಎದುರಿಗೆ ಸ್ಕ್ಯಾನ್ ಕೋಣೆಯ ಬಾಗಿಲು ತೆರೆದಿತ್ತು. ಯಂತ್ರದ ಹಣೆಯ ಮೇಲೆ ದಸರೆಯಲ್ಲಿ ಎಳೆದ ವಿಭೂತಿ, ನಡುವೆ ಕುಂಕುಮ, ಪಕ್ಕದಲ್ಲಿ ಒಣಗಿದ ಚೆಂಡುಹೂವು.

“ಆ ಮಶೀನಿಗೆ ವಿಭೂತಿ ಹಚ್ಚಿದವ್ರು ಯಾರ್ರಿ?”

“ಅದು... ಹಬ್ಬಕ್ಕ ಸ್ಟಾಫಿನವ್ರು ಹಚ್ಚಿದ್ದು.”

“ಹಂಗಾದ್ರ ಮಶೀನಿಗೆ ಗೀಳು ಹತ್ತಿಲ್ಲೇನು?”

ಅವರು ನಕ್ಕರು. ನಾನು ನಗಲಿಲ್ಲ.

ನನ್ನ ಕೊರಳಲ್ಲಿ ಲಿಂಗವಿಲ್ಲ, ಗುಡಿಗೆ ಹೋಗುವುದೂ ಅಪರೂಪ. ನಂಬಿಕೆ ಮನುಷ್ಯರನ್ನು ಹಿಂಡುವುದನ್ನೂ ಕಂಡಿದ್ದೇನೆ. ದೆವ್ವ ಬಿಡಿಸುತ್ತೇವೆಂದು ಮನೆಯವರೇ ಬರೆ ಹಾಕಿಸಿದ ಹುಡುಗಿಯ ಜೊತೆ ವರ್ಷಗಟ್ಟಲೆ ಕೂತಿದ್ದೇನೆ. ಅಲ್ಲೂ ಸಿಟ್ಟಿನಿಂದ ನನ್ನ ಮೈ ಉರಿದಿತ್ತು. ಆದರೆ ಯಾವುದು ಬರೆ, ಯಾವುದು ಊರುಗೋಲು ಎಂದು ತಿಳಿಯಬೇಕಾದರೆ ಕೇಳಬೇಕಲ್ಲ! ನಿದ್ದೆ ಕೇಳುತ್ತೇವೆ, ಹಸಿವೆ ಕೇಳುತ್ತೇವೆ, ಹೊಟ್ಟೆ ಕಟ್ಟಿದೆಯೇ ಸಡಿಲವೇ ಎಂಬುದನ್ನೂ ನಾಚಿಕೆಯಿಲ್ಲದೆ ಕೇಳುತ್ತೇವೆ. ಏನು ಹಿಡಿದು ಬದುಕಿದ್ದೀರಿ ಎಂದು ಕೇಳಲು ಮಾತ್ರ ನಮಗೆ ನಾಚಿಕೆ. ಅವರಾಗಿಯೇ ಹೇಳಿದರೆ ಅದೂ ರೋಗದ ಲಕ್ಷಣ. ಬಿದ್ದವರ ಕೈಯ ಕೋಲು ಕಸಿದುಕೊಂಡು ‘ಈಗ ಎದ್ದು ನಿಲ್ಲಿ’ ಎನ್ನುವುದು ಯಾವ ಊರಿನ ವಿಜ್ಞಾನ?

ನಮ್ಮಜ್ಜಿ ಸಿಟ್ಟು ಬಂದಾಗ ದನಿ ಏರಿಸುತ್ತಿರಲಿಲ್ಲ, ಮರ್ಯಾದೆ ಏರಿಸುತ್ತಿದ್ದಳು. ಮೊಮ್ಮಕ್ಕಳಿಗೆ ‘ಬರ್ರಿ ಸಾಹೇಬ್ರ’ ಎಂದಳೆಂದರೆ ನಾವು ಹಿತ್ತಲ ಬಾಗಿಲಿಂದ ಓಟ. ನನಗೂ ಆವತ್ತು ಅಜ್ಜಿಯ ಬಾಯಿ ಬಂತು.

“ಡಾಕ್ಟರ್ ಸಾಹೇಬ್ರ, ಸ್ವಲ್ಪ ಕೇಳ್ರಿ. ಪೂಜಾ ಕೊರಳಾಗ ಅಲ್ರಿ, ಅಂಗೈಯಾಗ ಮಾಡ್ತಾರ್ರಿ. ದಾರ ನೀವ ಇಟ್ಕೋರಿ, ಕರಡಗಿನೂ ಇಟ್ಕೋರಿ. ಆಕೀಗೆ ಅಂಗೈಯಷ್ಟು ಜಾಗಾ ಕೊಡ್ರಿ. ನಿಮಗ ಆಕೀನ ಉಳಸೂದೈತೋ, ಗೆಲ್ಲೂದೈತೋ?”

ಅವರ ಮುಖ ಕೆಂಪಾಯಿತು. “ಆತು. ಆದ್ರ ನೀವು ಎದುರಿಗಿದ್ದಾಗಷ್ಟ. ಆಮ್ಯಾಗೂ ಉಣ್ಣಲಿಲ್ಲಂದ್ರ ನಳಿಕೀನ.”

ಹೊರಗೆ ಬೆಂಚಿನ ಮೇಲೆ ತಂಗಿ ಕೂತಿದ್ದಳು, ಸೆರಗಿನಲ್ಲಿ ಸುತ್ತಿದ ಲಿಂಗವನ್ನು ಎದೆಗವಚಿಕೊಂಡು. “ಕೆಳಗ ಇಡೂಹಂಗಿಲ್ಲಲ್ರಿ. ಚಾ ಕುಡಿಯೂದೂ ಒಂದ ಕೈಲೇ, ಫೋನ್ ಎತ್ತೂದೂ ಒಂದ ಕೈಲೇ. ಮಂದಿ ನಂಗ ಲಕ್ವಾ ಹೊಡದೈತಿ ಅಂತ ತಿಳ್ಕೊಂಡಾರ!” ಎಂದಳು. ನಗಬೇಕೋ ಅಳಬೇಕೋ ತಿಳಿಯದೆ ಇಬ್ಬರೂ ಸೇರಿ ದಾರ ಬಿಚ್ಚಿದೆವು.

ಲಿಂಗ ಕೂರಬೇಕಾದದ್ದು ಎಡಗೈಯಲ್ಲಿ. ಸಲಾಯಿನ್ ಸೂಜಿಯೂ ಅದೇ ಕೈಗೆ. ಪಟ್ಟಿ ಅಂಟಿಸಿದ ಆ ಕೈಯನ್ನು ಆಕೆ ಮೆಲ್ಲಗೆ ಚಾಚಿದಳು. ವಿಭೂತಿ, ಎರಡು ಹನಿ ನೀರು, ತಂಗಿ ತಂದ ಪತ್ರಿ. ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ. ಮುಗಿಸಿ ಕಣ್ಣು ತೆರೆದು, “ತಂಗೀ, ಏನ್ ತಂದೀಯವಾ ಉಣ್ಣಾಕ?” ಎಂದಳು. ಜೋಳದ ನುಚ್ಚು, ಮಜ್ಜಿಗೆ. ಬಟ್ಟಲು ಬಳಿದಳು. ನಳಿಕೆ ಪೊಟ್ಟಣದಲ್ಲೇ ಉಳಿಯಿತು.

ಮರುದಿನ ವೈದ್ಯರು ಹಿಗ್ಗಿನಿಂದ, “ಗುಳಿಗಿ ಹತ್ತಿದ್ವು ನೋಡ್ರಿ ಮೇಡಂ” ಎಂದರು. ನಿಯಮ ಮಾತ್ರ ಬದಲಾಗಲಿಲ್ಲ: ನಾನಿದ್ದರೆ ಲಿಂಗ, ಇಲ್ಲವಾದರೆ ಇಲ್ಲ. ಧಾರವಾಡದ ಬಸ್ಸು ತಡವಾದರೆ ಹುಬ್ಬಳ್ಳಿಯಲ್ಲಿ ಒಬ್ಬಳು ಉಪವಾಸ! ಆದರೂ ದಿನಾ ಬೆಳಿಗ್ಗೆ ಹೋದೆ.

ಒಂದು ದಿನ ಆಕೆ ನನ್ನ ಮುಖ ನೋಡಿ, “ಪೂಜಾದ ಹೊತ್ತಿನ್ಯಾಗ ಬಾಜೂ ಕುಂತವ್ರು ಸಿಟ್ಟಿಲೆ ಇರಬಾರದ್ರಿ ಅಕ್ಕಾರ” ಎಂದಳು.

“ಸಿಟ್ಟನ್ನ ಚಪ್ಪಲಿ ಸಂಗ್ತೀನ ಹೊರಗ ಬಿಟ್ಟ ಬಂದೇನ್ರಿ.”

ಆಸ್ಪತ್ರೆಗೆ ಬಂದ ಮೇಲೆ ಆಕೆ ನಕ್ಕಿದ್ದು ಅದೇ ಮೊದಲು. ಪೂಜೆ ಆಯಿತು, ಊಟ ಆಯಿತು. ನಾನು ಹೊರಗೆ ಬಂದು ಎರಡನ್ನೂ ಮೆಟ್ಟಿಕೊಂಡು ಸೀದಾ ವೈದ್ಯರ ಕೋಣೆಗೆ ನಡೆದೆ.