ಜ್ವರ ಇಳಿಯಿತು ಎನ್ನಲಾರದೆ

ನನ್ನ ಒಂದು ಮಾತಿಗೆ, ಚೇತರಿಸಿಕೊಳ್ಳುತ್ತಿದ್ದ ಮುದುಕನ ಹಾಸಿಗೆಯ ಬಳಿ ಪಾದ್ರಿ ಬಂದು ನಿಂತುಬಿಟ್ಟರು.

ಎಪ್ಪತ್ತರ ದಶಕದ ಒಂದು ಚಳಿಗಾಲ. ಧರ್ಮಪುರದ ಕಡೆ ಕುರಿ ಕಾಯುವ ಮನೆಯವಳಾದ ನಾನು ಚಿತ್ರದುರ್ಗದಲ್ಲಿ ನರ್ಸಿಂಗ್ ಕಲಿತು, ಇಂಗ್ಲೆಂಡಿನ ಆಸ್ಪತ್ರೆಯೊಂದಕ್ಕೆ ಬಂದು ಮೂರು ತಿಂಗಳಾಗಿತ್ತು. ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ ಊರು. ಉಪ್ಪು ಖಾರವಿಲ್ಲದ ಊಟ ಹೇಗೋ ರೂಢಿಯಾಯಿತು, ಮಾತು ಆಗಲಿಲ್ಲ. ನಮ್ಮಲ್ಲಿ ಜ್ವರ, ಬಾವು, ಬಿಸಿಲು, ಕೋಪ ಎಲ್ಲವೂ ‘ಇಳಿಯುತ್ತವೆ’. ಇಲ್ಲಿ ಬಾವು ‘ಗೋ ಡೌನ್’ ಆಗಬೇಕು, ನೋವು ‘ವೇರ್ ಆಫ್’ ಆಗಬೇಕು, ಗಾಳಿ ‘ಡೈ ಡೌನ್’ ಆಗಬೇಕು.

ಒಂದು ಬೆಳಿಗ್ಗೆ ಆ ಮುದುಕನ ಮಗಳು ಫೋನ್ ಮಾಡಿ, ಅಪ್ಪ ಹೇಗಿದ್ದಾರೆ ಎಂದು ಕೇಳಿದಳು. ಮುದುಕನ ಜ್ವರ ಇಳಿಯುತ್ತಿತ್ತು. ಖುಷಿಯಲ್ಲಿ ‘ಹೀ ಈಸ್ ಗೋಯಿಂಗ್ ಡೌನ್’ ಎಂದೆ. ಅವಳು ತಟ್ಟನೆ ಫೋನ್ ಇಟ್ಟಳು. ಒಂದು ಗಂಟೆಯೊಳಗೆ, ಸಾಯುವವರ ಕೊನೆಯ ಪ್ರಾರ್ಥನೆಗೆಂದು ಪಾದ್ರಿಯನ್ನು ಕರೆದುಕೊಂಡು ಅಳುತ್ತ ಬಂದಳು.

ನನ್ನ ಜೊತೆ ಕೋಣೆಯಲ್ಲಿದ್ದ ಹೊಳಲ್ಕೆರೆಯ ಗಂಗಕ್ಕ ಹಿರಿಯ ನರ್ಸ್. ವಿಷಯ ಕೇಳಿ ತಲೆ ಚಚ್ಚಿಕೊಂಡಳು.

“ಲೇ ರತ್ನಿ, ಜ್ವರ ಕಮಿಂಗ್ ಡೌನ್ ಅನ್ಬೇಕು ಕಣೆ. ಮನುಷ್ಯನ್ನೇ ಗೋಯಿಂಗ್ ಡೌನ್ ಅಂದ್ರೆ, ಇನ್ನೇನು ಹೋಗ್ತಾನೆ ಅಂದಂಗಲ್ವೇನೆ!”

ಮಗಳಿಗೆ ಬಿಡಿಸಿ ಹೇಳಿದ ಮೇಲೆ ಅವಳು ಕಣ್ಣೊರೆಸಿಕೊಂಡು ನಕ್ಕಳು. ಆದರೆ ಮುದುಕ ಪಾದ್ರಿಯನ್ನು ನೋಡಿಬಿಟ್ಟಿದ್ದ. “ಎಲ್ಲರಿಗೂ ಗೊತ್ತು, ನನಗೊಬ್ಬನಿಗೇ ಹೇಳಿಲ್ಲ, ಅಲ್ಲವೇ?” ಎಂದು ನನ್ನನ್ನು ಕೇಳಿದ. ಥರ್ಮಾಮೀಟರ್ ತೋರಿಸಿದೆ, ಕ್ಷಮೆ ಕೇಳಿದೆ. ತಲೆಯಾಡಿಸಿ ಗೋಡೆಯ ಕಡೆ ಹೊರಳಿದ. ಅಂದಿನಿಂದ ಗಂಜಿ ಅರ್ಧಕ್ಕೇ ಉಳಿಯತೊಡಗಿತು. ಒಂಬತ್ತನೆಯ ದಿನ ತೀರಿಕೊಂಡ. ಶ್ವಾಸಕೋಶ ಸೋತಿತ್ತು ಎಂದರು ಡಾಕ್ಟರು; ಯಾರೂ ನನ್ನನ್ನು ದೂರಲಿಲ್ಲ. ಮಗಳಂತೂ ನನ್ನ ಎರಡೂ ಕೈ ಹಿಡಿದು, “ಅವತ್ತು ನೀನು ಹಾಗೆ ಹೇಳದಿದ್ದರೆ ನಾನು ರಜೆ ಹಾಕಿ ಅಪ್ಪನ ಜೊತೆ ಇರುತ್ತಲೇ ಇರಲಿಲ್ಲ” ಎಂದು ಉಪಕಾರ ಸ್ಮರಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಅಂದಿನಿಂದ ಬಾಯಿ ತೆರೆಯುವ ಮೊದಲು ಪ್ರತಿ ಪದವನ್ನೂ ತೂಗುವುದು ಅಭ್ಯಾಸವಾಯಿತು. ಭಾಷೆ ಚೆನ್ನಾಗಿ ಬಂತು ಎಂದು ಮೇಟ್ರನ್ ಹೊಗಳಿದರು.

ನಾಲ್ಕು ವರ್ಷದ ಮೇಲೆ ರಜೆಗೆಂದು ಊರಿಗೆ ಹೋದಾಗ ಅಣ್ಣನ ಮಗುವಿಗೆ ಜ್ವರ. ಹಣೆ ಮುಟ್ಟಿ ನೋಡಿದೆ, ಬೆವರಿತ್ತು, ತಣ್ಣಗಿತ್ತು.

“ಎಂಗೈತವ್ವ?” ಎಂದಳು ಅವ್ವ.

ಹೇಳಲು ಬಾಯಿ ತೆರೆದವಳು, ಇಂಗ್ಲೆಂಡಿನಲ್ಲಿ ಮಾಡುವ ಹಾಗೇ, ಪದಕ್ಕಾಗಿ ತಡೆದು ನಿಂತೆ.

“ಯಾಕೆ ಸುಮ್ಕಾದೆ?” ಅವ್ವನ ಮುಖ ಬಿಳುಚಿಕೊಂಡಿತು. “ಕೂಸಿಗೆ ಏನಾಗೈತೆ, ಹೇಳೇ!”