ಮಂತ್ರಿ ಮೂರ್ಛೆ ಹೋದ ಬೆಳಿಗ್ಗೆ

ನಮ್ಮ ಡೆಲ್ಫ್‌ಝೈಲ್ ಊರಿನ ಹಾರ್ಮ್ ವೆಲ್ಟ್‌ಕಾಂಪ್ ಮೊದಲು ಶಾಲೆಯಲ್ಲಿ ಭೂಗೋಳದ ಮೇಷ್ಟ್ರಾಗಿದ್ದ. ಸೈಕಲ್ ದಾರಿಗೆ ದೀಪ ಹಾಕಿಸಿರೆಂದು ಪುರಸಭೆಯಲ್ಲಿ ಅವನು ಮಾಡಿದ ಭಾಷಣ ಮುಗಿಯುವ ಲಕ್ಷಣವೇ ಕಾಣದಿದ್ದಾಗ, ಒಂದು ಪಕ್ಷದವರು "ಇಷ್ಟು ಮಾತಾಡೋನು ನಮ್ಮ ಕಡೆಗೇ ಇರ್ಲಿ" ಎಂದು ಸೇರಿಸಿಕೊಂಡರು. ಅಲ್ಲಿಂದ ಸಂಸತ್ತಿಗೆ ಹೋದ. ನಾಲ್ಕು ಪಕ್ಷಗಳು ತಿಂಗಳುಗಟ್ಟಲೆ ಚೌಕಾಸಿ ಮಾಡಿ ಸರ್ಕಾರ ಕಟ್ಟಿದಾಗ, ಯಾರಿಗೂ ಬೇಡವಾಗಿ ಉಳಿದಿದ್ದ ಆರೋಗ್ಯ ಖಾತೆ ಇವನ ಮಡಿಲಿಗೆ ಬಿತ್ತು.

ಪಕ್ಕದ ಮನೆಯವನಾದ ನಾನು ಅಭಿನಂದಿಸಲು ಹೋದೆ. ಅವನ ಹೆಂಡತಿ ಆಫ್ಕೆ ನಮ್ಮ ಕಡೆಯ ವಾಡಿಕೆಯಂತೆ ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು ಕೊಟ್ಟು, ಡಬ್ಬಿ ಮುಚ್ಚಿ, ಬಿದ್ದು ಬಿದ್ದು ನಕ್ಕಳು.

"ಸೂಜಿ ಕಂಡ್ರೆ ಎದ್ದು ಓಡೋನನ್ನ ಹಿಡಿದು ಆಸ್ಪತ್ರೆಗಳಿಗೆಲ್ಲ ಯಜಮಾನನ್ನ ಮಾಡಿದಾರೆ!"

"ಸುಮ್ನಿರೇ," ಎಂದ ಹಾರ್ಮ್. "ಮಂತ್ರಿ ಆದೋನು ಯಾರಿಗೂ ಚುಚ್ಚಬೇಕಾಗಿಲ್ಲ, ಚುಚ್ಚಿಸ್ಕೊಳ್ಳೋದೂ ಬೇಕಾಗಿಲ್ಲ."

ಆದರೆ ಆ ಶರತ್ಕಾಲದಲ್ಲಿ ಫ್ಲೂ ಲಸಿಕೆಗೆ ಜನ ಬರಲಿಲ್ಲ. ಕ್ಯಾಮೆರಾಗಳ ಮುಂದೆ ಮಂತ್ರಿಯೇ ಲಸಿಕೆ ಹಾಕಿಸಿಕೊಳ್ಳಲಿ ಎಂದು ಅಧಿಕಾರಿಗಳು ತೀರ್ಮಾನಿಸಿದರು, ಅದೂ ಅವನ ಸ್ವಂತ ಊರಿನಲ್ಲಿ. ಸಾಲಿನಲ್ಲಿ ನಾನೂ ನಿಂತಿದ್ದೆ. ನರ್ಸ್ ಮೆರೆಲ್ ಒಂದು ಕಾಲಕ್ಕೆ ಅವನ ವಿದ್ಯಾರ್ಥಿನಿ.

"ಮೇಷ್ಟ್ರೇ, ಅಂಗಿ ತೋಳು ಮೇಲೆ ಮಾಡಿ."

ಹಾರ್ಮ್ ಕ್ಯಾಮೆರಾ ಕಡೆ ತಿರುಗಿ ಮುಗುಳ್ನಕ್ಕ. "ಇದರಲ್ಲಿ ಹೆದರುವಂಥದ್ದು ಏನೂ..."

ಸೂಜಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಮಂತ್ರಿ ಪಕ್ಕದಲ್ಲಿದ್ದ ಹೂಕುಂಡದ ಸಮೇತ ನೆಲಕ್ಕುರುಳಿದ.

ಎಚ್ಚರವಾದಾಗ ಕೇಳಿದ ಮೊದಲ ಮಾತು, "ಆಯ್ತಾ?"

"ಇನ್ನೂ ಇಲ್ಲ, ಮೇಷ್ಟ್ರೇ."

"ಹಾಗಾದ್ರೆ ಮಲಗಿರೋವಾಗ್ಲೇ ಹಾಕ್ಬಿಡಮ್ಮ. ಮತ್ತೆ ಎದ್ದು ಮತ್ತೆ ಯಾಕೆ ಬೀಳ್ಬೇಕು?"

ಇಡೀ ದೇಶ ನಕ್ಕಿತು. ಹಸಿವಿನಿಂದ ತಲೆಸುತ್ತು ಬಂತೆಂದು ಹೇಳಿಬಿಡು ಎಂದು ಪಕ್ಷದವರು ಒತ್ತಾಯಿಸಿದರು. ಅವನು ಟಿವಿಯಲ್ಲಿ ಕೂತು, "ಹೆದರಿದ್ದೆ. ಈಗ್ಲೂ ಹೆದರ್ತೀನಿ. ನನ್ನ ಥರದೋರೆಲ್ಲ ಬನ್ನಿ, ಮಲಗೋಕೆ ಮಂಚ ಹಾಕಿಸ್ತೀನಿ" ಎಂದ. ಹಾಕಿಸಿಯೂ ಹಾಕಿಸಿದ. ವರ್ಷಗಳಿಂದ ತಪ್ಪಿಸಿಕೊಂಡಿದ್ದ ಲಾರಿ ಡ್ರೈವರುಗಳು, ಹಡಗುಕಟ್ಟೆಯ ದಾಂಡಿಗರು ಹೆಂಡಂದಿರ ಕೈ ಹಿಡಿದುಕೊಂಡು ಬಂದು ಕಣ್ಮುಚ್ಚಿ ಮಲಗಿದರು.

ಮರುವರ್ಷ ಸರ್ಕಾರ ಬಿದ್ದದ್ದು ರೈತರು ಹೊಲಕ್ಕೆ ದನದ ಗೊಬ್ಬರ ಎಷ್ಟು ಹಾಕಬಹುದೆಂಬ ಜಗಳಕ್ಕೆ; ಅದರಲ್ಲಿ ಹಾರ್ಮ್‌ನದು ಏನೂ ಇರಲಿಲ್ಲ. ಮನೆಗೆ ಬಂದವನು ಫೋನು ಬಂದೀತೆಂದು ದಿನವಿಡೀ ಅದನ್ನೇ ನೋಡುತ್ತ ಕೂತ. ಬೇಸತ್ತ ಆಫ್ಕೆ ಅವನನ್ನು ಹಳ್ಳಿಗಳ ಮುದುಕರನ್ನು ಪೇಟೆಗೆ ತರುವ ಸಣ್ಣ ಬಸ್ಸಿಗೆ ಸಂಬಳವಿಲ್ಲದ ಚಾಲಕನಾಗಿ ಸೇರಿಸಿದಳು.

ಈಗ ಅವನು ಅಲ್ಲಿಯೇ ಇದ್ದಾನೆ, ಸುಖವಾಗಿ. ಬಸ್ಸು ಮಾತ್ರ ಎಂದೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಮೊನ್ನೆ ಯಾರೋ ಹೆಂಗಸು ಓಡಿಬರುವುದನ್ನು ಕಂಡು ನಿಲ್ಲಿಸಿದ.

"ಹೊರಡೋ ಮಾರಾಯ," ಎಂದಳು ಹಿಂದೆ ಕೂತಿದ್ದ ಹಿಲ್ಲಿ ಅಜ್ಜಿ. "ಮೀನಿನ ಅಂಗಡಿ ಮುಚ್ತಾರೆ."

"ಒಂದ್ನಿಮಿಷ ಅಜ್ಜಿ, ಪಾಪ ಅವಳು ಓಡಿ ಬರ್ತಿದಾಳೆ."

"ಬಸ್ಸಿಗಲ್ವೋ! ಅವಳ ನಾಯಿ ತಪ್ಪಿಸ್ಕೊಂಡಿದೆ!"

ಹಾರ್ಮ್ ಕೆಳಗಿಳಿದು ನಾಯಿಯ ಹಿಂದೆ ತಾನೂ ಓಡಿದ.