ಬಾರದ ನೀರಿನ ಎಚ್ಚರಿಕೆ

ಲೇನಾ ನದಿಯ ಮನಸ್ಸನ್ನು ಬಲ್ಲೆವೆಂದು ಹೇಳಿಕೊಳ್ಳುವವರು ಸೈಬೀರಿಯಾದ ನಮ್ಮ ಯಾಕೂತಿಯಾದಲ್ಲಿ ಬಹಳ ಮಂದಿ. ಅರಿಯೆವೆಂದು ಒಪ್ಪಿಕೊಂಡು ಅದರ ಕಾವಲಿಗೆ ನಿಂತವರು ವಿರಳ. ಕುಮಾಖ್-ಆರೀ ಹಳ್ಳಿಯ ನದಿ ವೀಕ್ಷಣಾ ಠಾಣೆಯಿಂದ ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಅಕುಲಿನಾ ಗಾವ್ರಿಲೊವ್ನಾ ಅವರು ಆ ವಿರಳರಲ್ಲೊಬ್ಬರು.

ಏಪ್ರಿಲ್‌ನಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಕಪ್ಪು ಮರಳು ಚೆಲ್ಲಿಸಿ ಮಂಜುಗಡ್ಡೆಯನ್ನು ಬಿಸಿಲಿಗೆ ಕರಗಿಸುವುದು, ಮೇ ತಿಂಗಳಲ್ಲಿ ದಂಡೆಯ ಮೇಲೆ ನಿಂತು ಕಾಯುವುದು, ಇದು ಅವರ ಸೇವೆ. ನದಿ ಹರಿದು ಬರುವ ದಕ್ಷಿಣದಲ್ಲಿ ಮೊದಲೇ ಒಡೆದ ಮಂಜುಗಡ್ಡೆಗಳು ಇನ್ನೂ ಹೆಪ್ಪುಗಟ್ಟಿರುವ ನಮ್ಮೂರಿನ ತಿರುವಿಗೆ ಬಂದು ಸಿಕ್ಕಿಕೊಂಡರೆ ನೀರಿಗೆ ಹಳ್ಳಿಯೇ ದಾರಿ. ಅಂಥ ಹೊತ್ತಿನಲ್ಲಿ ಮುದುಕರನ್ನೆಲ್ಲ ಠಾಣೆಯ ಜೀಪಿಗೆ ತುಂಬಿ, ತಾವು ಗುಡ್ಡವನ್ನು ನಡೆದೇ ಹತ್ತುತ್ತಿದ್ದುದನ್ನು ಮರೆಯಲಾಗದು.

ಒಂದು ವಸಂತದಲ್ಲಿ ಅವರು ಸೈರನ್ ಕೂಗಿಸಿದರು. ಊರೆಲ್ಲ ದನಕರುಗಳೊಡನೆ ಗುಡ್ಡ ಹತ್ತಿತು. ಆದರೆ ತಿರುವಿನಲ್ಲಿ ಸಿಕ್ಕಿದ್ದ ಗಡ್ಡೆಗಳು ತಾವಾಗಿಯೇ ಬಿಡಿಸಿಕೊಂಡು ಹೋದವು. ನೀರು ದಂಡೆಯನ್ನೂ ದಾಟಲಿಲ್ಲ. ಆಮೇಲೆ ವರ್ಷವಿಡೀ ಅಂಗಡಿಯಲ್ಲಿ ಅದೇ ಮಾತು: "ಏನ್ರೀ ಅಕುಲಿನಾ ಗಾವ್ರಿಲೊವ್ನಾ, ಮುಂದಿನ ಸಲ ಗುಡ್ಡದ ಮೇಲೆ ಚಹಾ ನಿಮ್ದಾ, ನಮ್ದಾ?"

ಮರುವರ್ಷ ಅದೇ ತಿರುವಿನಲ್ಲಿ ಗಡ್ಡೆಗಳು ಮತ್ತೆ ಸಿಕ್ಕಿಕೊಂಡವು. ಈ ಸಲವೂ ಎಚ್ಚರಿಕೆ ಸುಳ್ಳಾದರೆ ಇನ್ನೆಂದೂ ಯಾರೂ ತಮ್ಮ ಮಾತು ಕೇಳುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಆದರೂ ಸೈರನ್ ಕೂಗಿಸಿದರು. ಒಬ್ಬರೂ ಹೊರಡಲಿಲ್ಲ. ಎಲ್ಲರಿಗಿಂತ ಹೆಚ್ಚು ನಕ್ಕಿದ್ದ ಮಾರ್ಫಾ ಅಜ್ಜಿ ಕಿಟಕಿಯಲ್ಲಿ ಹಾಲು ಬೆರೆಸಿದ ಚಹಾ ಹೀರುತ್ತ ಕೂತಿದ್ದಳು.

"ಹೋದ್ ವರ್ಷ ನಿನ್ನ ಜೀಪಿನ ಕುಲುಕಾಟಕ್ಕೆ ಹಿಡ್ಕೊಂಡ ಸೊಂಟ ಇನ್ನೂ ಬಿಟ್ಟಿಲ್ಲ ಕಣೇ. ಮೊದ್ಲು ನಿನ್ನ ನೀರು ಬರ್ಲಿ, ಆಮೇಲೆ ನಾನು ಬರ್ತೀನಿ."

ಕರೆಯಲು ಬಂದಿದ್ದ ಅಕುಲಿನಾ ಹಿತ್ತಿಲಿಗೆ ತಿರುಗಿದರು. ಕೊಟ್ಟಿಗೆಗೆ ಹೋಗಿ ಅಜ್ಜಿಯ ಗಬ್ಬದ ಹಸುವನ್ನು ಬಿಚ್ಚಿಕೊಂಡು ಗುಡ್ಡದ ಕಡೆ ನಡೆದರು.

"ಅಯ್ಯೋ ಕಳ್ಳಿ! ಬಿಡೇ ನನ್ನ ಹಸು! ಹಿಡೀರ್ರೋ ಅವಳನ್ನ!"

ಅಜ್ಜಿ ಬಯ್ಯುತ್ತ ಹಿಂದೆ ಹೊರಟಳು. ಜಗಳ ನೋಡಲು ನೆರೆಹೊರೆಯವರು ಹೊರಟರು. ಮಾರ್ಫಾಳೇ ಗುಡ್ಡ ಹತ್ತುತ್ತಿದ್ದಾಳೆಂದು ಕೇಳಿ ಉಳಿದವರಿಗೂ ದಿಗಿಲಾಯಿತು. ಸಂಜೆಯ ಹೊತ್ತಿಗೆ ಮನೆಯಷ್ಟೆತ್ತರದ ಗಡ್ಡೆಗಳು ಕೆಳಗಿನ ಬೀದಿಗೆ ನುಗ್ಗಿ ಆ ಕೊಟ್ಟಿಗೆಯನ್ನು ಹೊತ್ತೊಯ್ದವು.

ಗುಡ್ಡದ ಮೇಲೆ ಹಸುವಿನ ಕೊರಳು ತಬ್ಬಿ ನಿಂತಿದ್ದ ಅಜ್ಜಿ ಅಕುಲಿನಾ ಅವರತ್ತ ತಿರುಗಿ ಅಂದಳು: "ಸರಿಯಾಗಿ ಹೇಳ್ಬಾರ್ದಾಗಿತ್ತೇನೇ? ಕೆನೆ ಡಬ್ಬ ಅಲ್ಲೇ ಉಳೀತಲ್ಲ!"

ಅದಾದ ಮೇಲೆ ಅವರ ಸೈರನ್ ಎಷ್ಟೋ ಸಲ ಸುಳ್ಳಾಗಿದೆ. ಪ್ರತಿ ಸಲವೂ ಊರು ಗೊಣಗುತ್ತಲೇ ಹತ್ತಿದೆ, ನಗುತ್ತ ಇಳಿದಿದೆ. ಅಕುಲಿನಾ ಗಾವ್ರಿಲೊವ್ನಾ ಅವರಿಗೆ ದೀರ್ಘಾಯುಷ್ಯವೂ ಗಟ್ಟಿ ಮೊಣಕಾಲುಗಳೂ ಲಭಿಸಲಿ. ಠಾಣೆಯ ಬೀಗದಕೈ ಒಪ್ಪಿಸಿದ ಮೇಲೂ ಇನ್ನೂ ಅನೇಕ ವಸಂತಗಳಲ್ಲಿ ಅವರು ನಮ್ಮನ್ನು ವೃಥಾ ಗುಡ್ಡ ಹತ್ತಿಸುತ್ತಿರಲಿ.